ನೋಡುವವರ ಕಾಸು, ನೋಡುವ ಕಲ್ಲಿಗೆ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ತಲೆಯೆತ್ತಿದವರು ಒಂದು ಗಳಿಗೆ ಮಾತು ಮರೆಯುತ್ತಾರೆ. ಎಂಟು ಮೂಲೆಯ ಛತ್ತಿನ ನಡುವೆ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಅದ್ಭುತವನ್ನು ಕಾಣಲು ಯಾರೂ ಕಾಸು ತೆರಬೇಕಾಗಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ, ನವಿಲುಗಳ ಕೇಕೆಯ ನಡುವೆ, ‘ಅರವತ್ತು ಕಂಬದ ಗುಡಿ’ ಎಂದು ಜನ ಕರೆಯುವ ನಗರೇಶ್ವರ ದೇವಾಲಯವಿದೆ. ಹಿಂದೆ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ರಟ್ಟಿಹಳ್ಳಿಯಲ್ಲಿ ಮೂರು ಗರ್ಭಗುಡಿಗಳ ಕದಂಬೇಶ್ವರ ದೇವಾಲಯವಿದೆ. ಅಲ್ಲಿಯೂ ಟಿಕೀಟಿನ ಕಿಟಕಿಯಿಲ್ಲ.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಕಲ್ಲಿಗೂ ಮುಪ್ಪುಂಟು. ಮಳೆಯ ನೀರು ಸಂದಿಗೆ ಇಳಿಯುತ್ತದೆ. ಹಕ್ಕಿ ಉದುರಿಸಿದ ಆಲದ ಬೀಜ ಅಲ್ಲಿಯೇ ಬೇರು ಬಿಟ್ಟು ಗೋಡೆಯನ್ನು ಸೀಳುತ್ತದೆ. ಮರಗಳ ಪಾಡೂ ಬೇರೆಯಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಆಫ್ರಿಕ ಮೂಲದ ಮೂರು ಮಹಾವೃಕ್ಷಗಳು ಶತಮಾನಗಳಿಂದ ನಿಂತಿದ್ದುವು. 2023ರ ಜುಲೈ ತಿಂಗಳ ಮಳೆಯಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಅದು ಚಿಗುರಿತು ಕೂಡ. ಬಿದ್ದುದನ್ನು ಎತ್ತುವ ಶ್ರಮದ ಮುಂದೆ ಬೀಳದಂತೆ ಕಾಯುವ ಶ್ರಮ ಸಣ್ಣದು. ಆ ದಿನನಿತ್ಯದ ಆರೈಕೆಗೆ ಹಣವೆಲ್ಲಿಂದ ಬರಬೇಕು?

ನೋಡಲು ಬಂದವರಿಂದ ಪಡೆಯಬಾರದೇಕೆ ಎಂದು ಕೇಳುವವರುಂಟು. ಶಿಗ್ಗಾಂವಿಯ ಬಳಿ ಗೊಟಗೋಡಿಯಲ್ಲಿ ಕಲಾವಿದ ದಿವಂಗತ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್‌ಗೆ ಸಂಸಾರ ಸಮೇತರಾಗಿ ಬರುವವರು ಟಿಕೀಟು ಕೊಂಡೇ ಒಳಗೆ ಹೋಗುತ್ತಾರೆ. ಹಳ್ಳಿಯ ಬಾಳಿನ ಪ್ರತಿಮೆಗಳಿಗೆ ಹಣ ಕೊಡುವವರು ಆ ಬಾಳು ಹಿಂದೆ ಕಟ್ಟಿದ ಗುಡಿಗೆ ಕೊಡಲಾರರೇ?

ಪ್ರಶ್ನೆ ಸುಲಭ, ಉತ್ತರ ತೊಡಕು. ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿ 3,600ಕ್ಕೂ ಮಿಕ್ಕ ಸ್ಮಾರಕಗಳಿವೆ. ಶುಲ್ಕವಿರುವುದು ಸುಮಾರು 140ರಲ್ಲಿ ಮಾತ್ರ. ಬಾದಾಮಿಯ ಗುಹೆಗಳ ಮುಂದೆ ಕೊಟ್ಟ ಹಣವೂ ಬಾದಾಮಿಯಲ್ಲಿ ಉಳಿಯುವುದಿಲ್ಲ. ಅದು ಭಾರತದ ಸಂಚಿತ ನಿಧಿಯನ್ನು ಸೇರುತ್ತದೆ. ದುರಸ್ತಿಯ ವೆಚ್ಚ ಆಯವ್ಯಯದಿಂದ ಬರುತ್ತದೆ. ಇದರಲ್ಲಿ ಒಂದು ನ್ಯಾಯವೂ ಇದೆ. ಜನ ಮುಗಿಬೀಳುವ ತಾಜಮಹಲು ತನ್ನ ಗಳಿಕೆಯನ್ನು ತಾನೇ ಇಟ್ಟುಕೊಂಡರೆ, ಜನ ವಿರಳವಾದ ರಟ್ಟಿಹಳ್ಳಿಯ ಗತಿಯೇನು? ಆದರೆ ಕೊಟ್ಟ ಕಾಸಿನ ಫಲ ಕಣ್ಣಿಗೆ ಕಾಣದಿದ್ದರೆ ಕೊಡುವ ಮನಸ್ಸು ಬತ್ತುತ್ತದೆ. ಅಮೆರಿಕದಲ್ಲಿ 2004ರ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನಗಳ ಶುಲ್ಕದಲ್ಲಿ ಸಾಮಾನ್ಯವಾಗಿ ಶೇಕಡ 80 ಭಾಗ ಸಂಗ್ರಹವಾದ ಸ್ಥಳದಲ್ಲಿಯೇ ಉಳಿಯುತ್ತದೆ. ಮಿಕ್ಕುದು ಇತರ ಕಡೆಗಳಿಗೆ ಸಲ್ಲುತ್ತದೆ. ಎರಡು ನ್ಯಾಯಗಳೂ ಅಲ್ಲಿ ಕೈಹಿಡಿದು ನಡೆಯುತ್ತವೆ.

ನಮ್ಮಲ್ಲಿಯೂ ದಾರಿ ಪೂರ್ತಿ ಮುಚ್ಚಿಲ್ಲ. 1996ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ, ಇಂಥದೇ ಸ್ಮಾರಕಕ್ಕೆಂದು ಹೆಸರಿಸಿ ಹಣ ಕೊಡಬಹುದು. ಶುಲ್ಕ ಬಂದರೂ ಒಂದು ಮಾತನ್ನು ಮರೆಯಲಾಗದು. ಹಾನಗಲ್ಲಿನ ಮುದುಕಿಗೆ ತಾರಕೇಶ್ವರ ಸ್ಮಾರಕವಲ್ಲ, ದೇವರು. ದೂರದಿಂದ ಕಾರಿನಲ್ಲಿ ಬಂದವರು ಕೊಡುವ ಹಣ, ಹೂವು ಹಿಡಿದು ಬರುವ ಅವಳ ದಾರಿಗೆ ಅಡ್ಡವಾಗಬಾರದು. ಅವಳ ತಲೆಯ ಮೇಲಿನ ಕಲ್ಲಿನ ಕಮಲ ಬಿರಿಯದಂತೆ ಕಾಯುವುದಕ್ಕೆ ಅದು ಸಲ್ಲಬೇಕು.