ಬಣ್ಣದ ಡಬ್ಬ ತೆರೆಯುವ ಮುನ್ನ



ನವರಾತ್ರಿ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: ಈ ಸಲ ಮನೆಗೆ ಸ್ವಲ್ಪ ಕಳೆ ತರಬೇಕು. ಕೈಯಲ್ಲಿರುವ ನಾಲ್ಕು ಕಾಸನ್ನು ನೇರವಾಗಿ ಬಣ್ಣದ ಅಂಗಡಿಗೆ ಒಯ್ಯುತ್ತೇವೆ. ಹಬ್ಬಕ್ಕೆ ಗೋಡೆ ಹೊಳೆಯುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಅದೇ ಮೂಲೆಯಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಎದ್ದಿರುತ್ತದೆ. ದುಡ್ಡು ಹೋಯಿತು, ಗೋಡೆ ಮಾತ್ರ ಮೊದಲಿನ ಹಾಗೆಯೇ ಉಳಿಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆಯಲ್ಲಿ ಎಷ್ಟು ಖರ್ಚು ಮಾಡುತ್ತೇವೆ ಎನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡುತ್ತೇವೆ ಎನ್ನುವುದು ದೊಡ್ಡದು. ಕ್ರಮ ಹೀಗಿರಲಿ: ಮೊದಲು ತೇವ, ಆಮೇಲೆ ಬೆಳಕು, ಆಮೇಲೆ ಸಾಮಾನು, ಕೊನೆಗೆ ಬಣ್ಣ.

ತೇವ ಎಲ್ಲಿಂದ ಬಂತು?

ಗೋಡೆಯ ಮೇಲೆ ಕಪ್ಪು ಚುಕ್ಕೆ, ಬಿಳಿ ಉಪ್ಪಿನಂಥ ಪುಡಿ, ಉಬ್ಬಿದ ಬಣ್ಣ ಕಂಡರೆ ಒಂದು ಸಣ್ಣ ಪರೀಕ್ಷೆ ಮಾಡಿ. ಉದುರುವ ಬಣ್ಣವನ್ನು ತೆಗೆದು, ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಒಂದು ಅಡಿ ಚೌಕದ ತುಂಡನ್ನು ಅಲ್ಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿದೆ. ಮುಂಬದಿ ಒದ್ದೆಯಾಗಿದ್ದರೆ ಕೋಣೆಯ ಗಾಳಿಯಲ್ಲಿರುವ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ.

ಎರಡನೆಯದಾದರೆ ಖರ್ಚು ಬಹಳ ಕಡಿಮೆ. ಹೊರಗೋಡೆಗೆ ಒತ್ತಿಸಿಟ್ಟ ಬೀರುವನ್ನು ಮೂರು ಇಂಚು ಮುಂದಕ್ಕೆ ಎಳೆಯಿರಿ. ಹಿಂದೆ ಗಾಳಿ ಆಡಲಿ. ಅಡುಗೆ ಮಾಡುವಾಗ, ಸ್ನಾನವಾದ ಮೇಲೆ ಕಿಟಕಿ ತೆರೆಯಿರಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕಿ. ಮಳೆಗಾಲದಲ್ಲಿ ಬಟ್ಟೆಯನ್ನು ಒಳಗೇ ಒಣಗಿಸಬೇಕಾದರೆ ಒಂದೇ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಕಿಟಕಿ ತೆರೆದಿಟ್ಟು ಒಣಗಿಸಿ. ಬೂಷ್ಟನ್ನು ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಒರೆಸಬಹುದು. ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ಡಿನ ಜೊತೆ ಎಂದೂ ಬೆರೆಸಕೂಡದು, ವಿಷಾನಿಲ ಏಳುತ್ತದೆ.

ನೀರು ಗೋಡೆಯೊಳಗೇ ಇದ್ದರೆ ಕಲೆಯ ಜಾಗ ನೋಡಿ. ಚಾವಣಿಯ ಕಲೆ ಮೇಲಿನ ಮನೆಯ ಬಚ್ಚಲನ್ನೋ ತಾರಸಿಯನ್ನೋ ತೋರಿಸುತ್ತದೆ. ಕಿಟಕಿಯ ಮೂಲೆಯ ಕಲೆ ಚೌಕಟ್ಟಿನ ಸುತ್ತ ಬಿಟ್ಟ ಬಿರುಕನ್ನು ತೋರಿಸುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ತೇವವಿದ್ದರೆ ಅದು ಬುನಾದಿಯಿಂದ ಏರಿದ ನೀರು. ಮುಂಬಯಿ, ಪುಣೆಯಲ್ಲಿ ಸ್ವಂತ ಫ್ಲ್ಯಾಟ್ ಇರುವವರು ಗಮನಿಸಿ: ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ತಾರಸಿ, ಮಳೆನೀರು, ಹೊರಗಿನ ಸಾಮಾನ್ಯ ಪೈಪುಗಳಿಂದಾಗುವ ಸೋರಿಕೆಯ ದುರಸ್ತಿ ಸೊಸೈಟಿಯ ಖರ್ಚು. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಪತ್ರ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ. ಬಾಡಿಗೆಯವರು ಕಲೆಯ ಫೋಟೋ ತೆಗೆದು, ತಾರೀಖಿನೊಂದಿಗೆ ಮಾಲೀಕರಿಗೆ ಕಳಿಸಿಡಿ. ಮನೆ ಬಿಡುವಾಗ ಡಿಪಾಜಿಟ್ಟಿನ ಮಾತು ಬಂದರೆ ಅದೇ ನಿಮ್ಮ ಸಾಕ್ಷಿ.

ಯಾವ ಊರಿಗೆ ಯಾವ ಕಾಲ?

ನಮ್ಮೆಲ್ಲರ ದೀಪಾವಳಿ ಒಂದೇ ದಿನ ಬಂದರೂ ಗೋಡೆಗಳು ಒಂದೇ ದಿನ ಒಣಗುವುದಿಲ್ಲ. ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಗೋಡೆ ದಸರೆಯ ಹೊತ್ತಿಗೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ಅಲ್ಲಿ ನವೆಂಬರ್‌ನಿಂದ ಮೇವರೆಗೆ ನಿಶ್ಚಿಂತೆ. ಚೆನ್ನೈಯಲ್ಲಿ ದೊಡ್ಡ ಮಳೆಯೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ದೀಪಾವಳಿಗೆ ಬಣ್ಣ ಬಳಿಸುವುದೆಂದರೆ ಅಲ್ಲಿ ಮಳೆಯ ಬಾಯಿಗೆ ದುಡ್ಡು ಹಾಕಿದಂತೆ. ಪೊಂಗಲ್ ಕಳೆದು ಫೆಬ್ರವರಿಯ ನಂತರ ಮಾಡಿಸಿ. ದೆಹಲಿಯವರಿಗೆ ಮಾತ್ರ ಹಬ್ಬವೂ ಹವೆಯೂ ಕೂಡಿಬರುತ್ತವೆ. ಅಕ್ಟೋಬರ್, ನವೆಂಬರ್ ಅಲ್ಲಿ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬಣ್ಣ ನಿಧಾನವಾಗಿ ಒಣಗುತ್ತದೆ.

ಹಾಗಾದರೆ ಹಬ್ಬಕ್ಕೆ ಏನು ಮಾಡುವುದು? ಬೆಳಕು ಮತ್ತು ಬಟ್ಟೆ. ಎರಡಕ್ಕೂ ಮಳೆಯ ಹಂಗಿಲ್ಲ.

ಕತ್ತಲೆ ಕೋಣೆಗೆ

ಮೊದಲು ಕಿಟಕಿಯ ಗಾಜು ತೊಳೆಯಿರಿ. ಪರದೆಯ ಸರಳು ಕಿಟಕಿಗಿಂತ ಎರಡೂ ಕಡೆ ಎಂಟೆಂಟು ಇಂಚು ಉದ್ದವಿರಲಿ. ಆಗ ಹಗಲಲ್ಲಿ ಪರದೆ ಸರಿಸಿದರೆ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಇಡೀ ಗಾಜು ಬೆಳಕಿಗೆ ಸಿಗುತ್ತದೆ. ಕಿಟಕಿಯ ಎದುರಿಗೋ ಪಕ್ಕದ ಗೋಡೆಗೋ ಒಂದು ಕನ್ನಡಿ ಇಟ್ಟರೆ ಬಂದ ಬೆಳಕು ಒಳಗೆ ಹಂಚಿಕೆಯಾಗುತ್ತದೆ. ರಾತ್ರಿಗೆ 9 ವ್ಯಾಟಿನ ಎಲ್‌ಇಡಿ ಸಾಕು. ಅದು ಹಳೆಯ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಕೆ ಎಂದಿದ್ದರೆ ಹಳದಿ ಬೆಳಕು, 6500 ಕೆ ಎಂದಿದ್ದರೆ ಬಿಳಿ ಬೆಳಕು. ಓದುವ ಮೂಲೆಗೆ, ಅಡುಗೆ ಕಟ್ಟೆಗೆ ಬಿಳಿ; ಕೂರುವ, ಮಲಗುವ ಕಡೆ ಹಳದಿ ಹಿತ.

ಪರದೆಗೆ ಸಿದ್ಧ ಉಡುಪು ಕೊಳ್ಳುವ ಬದಲು ಬಟ್ಟೆ ತಂದು ಹೊಲಿಸಿ. ಮುಂಬಯಿಯ ಮಂಗಳದಾಸ್ ಮಾರ್ಕೆಟ್, ಚೆನ್ನೈನ ಸೌಕಾರ್‌ಪೇಟೆ, ಸಿಕಂದರಾಬಾದಿನ ಜನರಲ್ ಬಜಾರ್, ದೆಹಲಿಯ ಚಾಂದನಿ ಚೌಕಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ನೆರಿಗೆ ಚೆನ್ನಾಗಿ ಬೀಳಲು ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ಬೇಕು. ಹತ್ತಿಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಸಿ, ಇಲ್ಲವಾದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ.

ಇಕ್ಕಟ್ಟಾದ ಮನೆಗೆ

ಹತ್ತು ಅಡಿ ಕೋಣೆಯಲ್ಲಿ ನಾಲ್ಕು ಜನ ಇರುವಾಗ ನೆಲ ಕಾಣುವುದೇ ಒಂದು ಅಲಂಕಾರ. ಸಾಮಾನು ಅಡ್ಡಕ್ಕೆ ಹರಡದೆ ಮೇಲಕ್ಕೆ ಏರಲಿ: ಬಾಗಿಲಿನ ಮೇಲೆ ಒಂದು ಹಲಗೆ, ಬಾಗಿಲಿನ ಹಿಂದೆ ಕೊಕ್ಕೆಗಳ ಸಾಲು, ಮಂಚದ ಕೆಳಗೆ ಚಕ್ರವಿರುವ ಪೆಟ್ಟಿಗೆ. ಮೊಳೆ ಹೊಡೆಯಬೇಡಿ ಎನ್ನುವ ಮಾಲೀಕರಿದ್ದರೆ ನೆಲದ ಮೇಲೆ ನಿಲ್ಲುವ ರ‍್ಯಾಕ್ ಒಳ್ಳೆಯದು. ಅಂಟಿಸುವ ಕೊಕ್ಕೆ ಟೈಲ್ಸ್ ಮೇಲೆ, ಬೀರುವಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಸುಣ್ಣ ಅಥವಾ ಡಿಸ್ಟೆಂಪರ್ ಗೋಡೆಗೆ ಅಂಟಿಸಿದರೆ ಬಣ್ಣದ ಪದರವನ್ನೂ ಕಿತ್ತುಕೊಂಡು ಕೆಳಗೆ ಬೀಳುತ್ತದೆ.

ಊರಿಂದ ಬಂದ ಕೌದಿಯನ್ನು ಅಟ್ಟದಲ್ಲಿ ಮಡಿಚಿಟ್ಟಿದ್ದೀರಾ? ಕೆಳಗಿಳಿಸಿ. ಬಣ್ಣ ಮಾಸಿದ ದಿವಾನಿನ ಮೇಲೆ ಹಾಸಿದರೆ ಕೋಣೆಯ ಮುಖವೇ ಬದಲಾಗುತ್ತದೆ. ಹಳೆಯ ಇಳಕಲ್ ಸೀರೆಯ ಸೆರಗು ದಿಂಬಿನ ಚೀಲಕ್ಕಾಗುತ್ತದೆ. ಇದಕ್ಕೆ ದರ್ಜಿಯ ಕೂಲಿಯಷ್ಟೇ ಖರ್ಚು.

ಕೊನೆಗೆ ಬಣ್ಣ

ಗೋಡೆ ಒಣಗಿದೆ ಎಂದು ಹಾಳೆ ಹೇಳಿದ ಮೇಲೆ ಬಣ್ಣದ ಲೆಕ್ಕ ಹಾಕೋಣ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯ ನಾಲ್ಕು ಗೋಡೆಗೆ 400 ಚದರಡಿ. ಬಾಗಿಲು, ಕಿಟಕಿಗೆ ಸುಮಾರು 40 ಕಳೆದರೆ 360. ಡಬ್ಬದ ಮೇಲೆ ಎರಡು ಕೋಟಿಗೆ ಲೀಟರಿಗೆ 100 ಚದರಡಿ ಎಂದು ಬರೆದಿದ್ದರೆ ನಾಲ್ಕು ಲೀಟರಿನ ಒಂದು ಡಬ್ಬ ಸಾಕು. ಈ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಯಾರೂ ಹತ್ತು ಲೀಟರ್ ತರಿಸಲಾರರು. ಎಲ್ಲ ಗೋಡೆಗೂ ದುಬಾರಿ ಬಣ್ಣ ಬೇಕಿಲ್ಲ. ಮಕ್ಕಳ ಕೈ ತಾಗುವ, ಒಗ್ಗರಣೆ ಸಿಡಿಯುವ ಗೋಡೆಗೆ ಒರೆಸಬಹುದಾದ ಎಮಲ್ಶನ್, ಉಳಿದವಕ್ಕೆ ಡಿಸ್ಟೆಂಪರ್. ಚಾವಣಿ ಬಿಳಿಯಾಗಿಯೇ ಇರಲಿ. ತೇವ ಪೂರ್ತಿ ಹೋಗದ ಹಳೆಯ ನೆಲಮಹಡಿಯ ಗೋಡೆಗೆ ಸುಣ್ಣವೇ ಲೇಸು. ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಆಯಿಲ್ ಪೇಂಟ್ ಬಾಯಿ ಮುಚ್ಚುತ್ತದೆ, ಒಳಗಿನ ನೀರು ಅದನ್ನು ಉಬ್ಬಿಸುತ್ತದೆ. ಹೊಸದಾಗಿ ಗಿಲಾವು ಮಾಡಿಸಿದ ತೇಪೆಗೆ ಒಂದು ತಿಂಗಳು ಒಣಗಲು ಕೊಡಿ.

ಹಳೆಯ ಬಣ್ಣ ಕೆರೆಸುವಾಗ ಜೋಪಾನ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ, ಮುಖ್ಯವಾಗಿ ಬಾಗಿಲು ಕಿಟಕಿಯ ಆಯಿಲ್ ಪೇಂಟಿನಲ್ಲಿ, ಸೀಸ ಹೆಚ್ಚಿರಬಹುದು. ಅದರ ಧೂಳು ಮಕ್ಕಳ ಮಿದುಳಿಗೆ ಹಾನಿ. ಒಣಗಿದ್ದನ್ನು ಉಪ್ಪುಕಾಗದದಿಂದ ಉಜ್ಜಿಸಬೇಡಿ. ನೀರು ಚಿಮುಕಿಸಿ, ಒದ್ದೆ ಮಾಡಿ ಕೆರೆಸಿ, ಆಮೇಲೆ ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿ. ಆ ದಿನ ಮಕ್ಕಳೂ ಬಸುರಿಯರೂ ಬೇರೆ ಕಡೆ ಇರಲಿ.

ಈ ಭಾನುವಾರ ಒಂದೇ ಕೆಲಸ ಮಾಡಿ. ಮನೆಯ ಅತಿ ಕೆಟ್ಟ ಮೂಲೆಗೆ ಒಂದು ಹಾಳೆ ಅಂಟಿಸಿ. ಮಂಗಳವಾರ ಅದನ್ನು ಬಿಡಿಸಿ ನೋಡಿ, ಅಂಗಡಿಯ ಮಾತು ಆಮೇಲೆ.