ಕೈಗೆಟುಕುವ ಫುಲ್ ಫ್ರೇಮ್

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಕೆಲಸ ಮಾಡುವ ಸೆನ್ಸರ್ ಸುಮಾರು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ ಇದ್ದರೆ ಅದು ಫುಲ್ ಫ್ರೇಮ್ ಕ್ಯಾಮೆರಾ. ಈ ಅಳತೆ ಡಿಜಿಟಲ್ ಕಾಲಕ್ಕಿಂತ ಬಹಳ ಹಳೆಯದು. ಜರ್ಮನಿಯ ಆಸ್ಕರ್ ಬಾರ್ನಾಕ್ 35 ಎಂಎಂ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳ ಜಾಗದಲ್ಲಿ ಒಂದು ಚಿತ್ರ ಮೂಡುವಂತೆ ಮಾಡಿದರು. ಹಾಗೆ ರೂಪುಗೊಂಡ ಪುಟ್ಟ ಕ್ಯಾಮೆರಾ 1925ರಲ್ಲಿ ಲೈಕಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದಿನ ಮುಕ್ಕಾಲು ಶತಮಾನ ಲೆಕ್ಕವಿಲ್ಲದಷ್ಟು ಲೆನ್ಸ್‌ಗಳು ಈ ಚೌಕಟ್ಟಿಗೆ ಹೊಂದುವಂತೆಯೇ ತಯಾರಾದವು. 28 ಎಂಎಂ ವಿಶಾಲ ನೋಟಕ್ಕೆ, 50 ಎಂಎಂ ಸಹಜ ನೋಟಕ್ಕೆ, 85 ಎಂಎಂ ಭಾವಚಿತ್ರಕ್ಕೆ ಎಂಬ ಛಾಯಾಗ್ರಾಹಕರ ಲೆಕ್ಕವೂ ಇಲ್ಲಿಂದಲೇ ಬಂದದ್ದು.

ಡಿಜಿಟಲ್ ಬಂದಾಗ ಈ ಚೌಕಟ್ಟು ಕುಗ್ಗಿತು. ಸಿಲಿಕಾನ್ ಬಿಲ್ಲೆಯ ಮೇಲೆ ಚಿಪ್‌ಗಳನ್ನು ಅಚ್ಚೊತ್ತುವ ಯಂತ್ರ ಒಂದು ಸಲಕ್ಕೆ ಸಾಮಾನ್ಯವಾಗಿ 26x33 ಮಿಲಿಮೀಟರ್ ಜಾಗವನ್ನಷ್ಟೇ ಮುಟ್ಟಬಲ್ಲದು. 36 ಮಿಲಿಮೀಟರ್ ಅಗಲದ ಸೆನ್ಸರ್ ಬೇಕಾದರೆ ತುಂಡುತುಂಡಾಗಿ ಅಚ್ಚೊತ್ತಿ ಅಂಚಿಗೆ ಅಂಚು ಕೂಡಿಸಬೇಕು. ಚಿಪ್ ದೊಡ್ಡದಾದಷ್ಟೂ ಒಂದು ಬಿಲ್ಲೆಯಲ್ಲಿ ದೊರೆಯುವ ಸಂಖ್ಯೆ ಕಡಿಮೆ. ಎಲ್ಲೋ ಒಂದು ಕಡೆ ದೊಡ್ಡ ದೋಷ ಬಂದರೂ ಇಡೀ ಚಿಪ್ ವ್ಯರ್ಥ. ಹಾಗಾಗಿ ಕಂಪನಿಗಳು ಸುಮಾರು 23.5x15.6 ಮಿಲಿಮೀಟರಿನ ಎಪಿಎಸ್-ಸಿ ಸೆನ್ಸರಿಗೆ ಮೊರೆಹೋದವು. ಕ್ಯಾನನ್‌ನದು ಇದಕ್ಕಿಂತಲೂ ತುಸು ಚಿಕ್ಕದು. ಹವ್ಯಾಸಿಗಳ ಕೈಯಲ್ಲಿರುವ 'ಕ್ರಾಪ್ ಸೆನ್ಸರ್' ಕ್ಯಾಮೆರಾಗಳಲ್ಲಿ ಹೆಚ್ಚಿನವು ಈ ಅಳತೆಯವು.

2002ರಲ್ಲಿ ಬಂದ ಕ್ಯಾನನ್ ಇಒಎಸ್-1ಡಿಎಸ್, 11 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ. ಅದರ ಬೆಲೆ ಎಂಟು ಸಾವಿರ ಡಾಲರಿನ ಹತ್ತಿರವಿತ್ತು. 2005ರ ಕ್ಯಾನನ್ 5ಡಿ ಆ ಬೆಲೆಯನ್ನು 3,299 ಡಾಲರಿಗೆ ಇಳಿಸಿತು. ಮದುವೆ ಚಿತ್ರ ತೆಗೆಯುವವರಿಗೆ ಫುಲ್ ಫ್ರೇಮ್ ಎಟುಕತೊಡಗಿದ್ದು ಆಗ. 2012ರ ಸೆಪ್ಟೆಂಬರಿನಲ್ಲಿ ನಿಕಾನ್ ಡಿ600 ಮತ್ತು ಕ್ಯಾನನ್ 6ಡಿ ಎರಡನ್ನೂ 2,099 ಡಾಲರ್ ಬೆಲೆಗೆ ಪ್ರಕಟಿಸಲಾಯಿತು. ಮರುವರ್ಷ ಸೋನಿ ಎ7, ಈ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಒಳಗಿನ ಕನ್ನಡಿಯನ್ನೇ ತೆಗೆದುಹಾಕಿ, ಹಗುರವಾದ ಮಿರರ್‌ಲೆಸ್ ಕ್ಯಾಮೆರಾವನ್ನು 1,699 ಡಾಲರಿಗೆ ಕೊಟ್ಟಿತು. 2019ರಲ್ಲಿ ಕ್ಯಾನನ್ ಇಒಎಸ್ ಆರ್‌ಪಿ 1,299 ಡಾಲರಿಗೆ ಇಳಿಯಿತು. ಬ್ಯಾಟರಿ, ಕಾರ್ಡ್ ಸೇರಿ ಅದರ ತೂಕ 485 ಗ್ರಾಂ. ಅದೇ ವರ್ಷದ ಜನವರಿಯಿಂದ ಭಾರತದಲ್ಲಿ ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ತಗ್ಗಿದ್ದು ಇಲ್ಲಿನ ಹವ್ಯಾಸಿಗಳಿಗೂ ನೆರವಾಯಿತು.

ದೊಡ್ಡ ಸೆನ್ಸರಿನಿಂದ ನಿಜವಾಗಿ ದಕ್ಕುವುದೇನು? ಮೊದಲನೆಯದು ಬೆಳಕು. ಫುಲ್ ಫ್ರೇಮಿನ ವಿಸ್ತೀರ್ಣ 864 ಚದರ ಮಿಲಿಮೀಟರ್. ಎಪಿಎಸ್-ಸಿಯದು ಸುಮಾರು 370. ಒಂದೇ ಅಪರ್ಚರ್ (ಲೆನ್ಸ್ ಬೆಳಕಿಗೆ ತೆರೆದುಕೊಳ್ಳುವ ಮಟ್ಟ, ಅಂದರೆ ಎಫ್ ಸಂಖ್ಯೆ), ಒಂದೇ ಶಟರ್ ವೇಗ ಇಟ್ಟರೆ ದೊಡ್ಡ ಸೆನ್ಸರಿನ ಮೇಲೆ ಒಟ್ಟಾರೆ ಎರಡು ಪಟ್ಟಿಗೂ ಹೆಚ್ಚು ಬೆಳಕು ಬೀಳುತ್ತದೆ. ಬೆಳಕು ಕಣಕಣವಾಗಿ ಬರುವಂಥದ್ದು, ಅದರ ಬರವಿನಲ್ಲಿ ಏರಿಳಿತ ಇದ್ದೇ ಇರುತ್ತದೆ. ಕಣಗಳು ಕಡಿಮೆಯಾದಷ್ಟೂ ಆ ಏರಿಳಿತ ಚಿತ್ರದಲ್ಲಿ ತರಿತರಿಯಾಗಿ, ಅಂದರೆ ನಾಯ್ಸ್ ಆಗಿ ಎದ್ದು ಕಾಣುತ್ತದೆ. ಒಂದೇ ತಲೆಮಾರಿನ ಎರಡು ಸೆನ್ಸರ್‌ಗಳನ್ನು ಹೋಲಿಸಿದರೆ, ಎಪಿಎಸ್-ಸಿಯಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆಯ ಮಟ್ಟ) 3200ರಲ್ಲಿ ಕಾಣುವಷ್ಟು ನಾಯ್ಸ್ ಫುಲ್ ಫ್ರೇಮಿನಲ್ಲಿ ಕಾಣುವುದು 6400 ದಾಟಿದ ಮೇಲೆ. ಯಕ್ಷಗಾನದ ರಂಗಸ್ಥಳ, ಮದುವೆಮನೆಯ ಸಂಜೆ, ನಕ್ಷತ್ರ ತುಂಬಿದ ಆಕಾಶ ಇಂಥ ಕಡೆ ಇದು ದೊಡ್ಡ ಲಾಭ. ಹಗಲಿನ ಒಳ್ಳೆಯ ಬಿಸಿಲಿನಲ್ಲಿ ತೆಗೆದು ಫೋನಿನ ಪರದೆಯಲ್ಲಿ ನೋಡುವ ಚಿತ್ರದಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಕಾಣುವುದೇ ಇಲ್ಲ. ಮಾರಾಟದ ಮಾತುಗಳಲ್ಲಿ ಈ ಸತ್ಯ ಅಪರೂಪ.

ಎರಡನೆಯದು ಹಿನ್ನೆಲೆಯ ಮಸುಕು. ಫುಲ್ ಫ್ರೇಮಿನಲ್ಲಿ 50 ಎಂಎಂ ಎಫ್/1.8 ಲೆನ್ಸ್ ಕೊಡುವ ನೋಟವನ್ನೂ ಮಸುಕನ್ನೂ ಎಪಿಎಸ್-ಸಿಯಲ್ಲಿ ಪಡೆಯಬೇಕಾದರೆ ಸುಮಾರು 33 ಎಂಎಂ ಎಫ್/1.2 ಲೆನ್ಸ್ ಬೇಕು. ಅಂಥ ಲೆನ್ಸ್ ದುಬಾರಿ, ತೂಕವೂ ಹೆಚ್ಚು. 50 ಎಂಎಂ ಎಫ್/1.8 ಆದರೋ ಹಲವು ಕಂಪನಿಗಳ ಪಟ್ಟಿಯಲ್ಲಿ ಅತಿ ಅಗ್ಗದ ಲೆನ್ಸ್‌ಗಳ ಸಾಲಿಗೆ ಸೇರಿದ್ದು. ಭಾವಚಿತ್ರ ಇಷ್ಟಪಡುವವರಿಗೆ ಫುಲ್ ಫ್ರೇಮ್ ಉಳಿತಾಯದ ದಾರಿಯೂ ಆಗಬಲ್ಲದು ಎಂಬುದು ಇದರಿಂದ ಗೊತ್ತಾಗುತ್ತದೆ.

ಬೆಲೆ ಇಳಿಸಲು ಕಂಪನಿಗಳು ಸೆನ್ಸರನ್ನು ಮೊಟಕು ಮಾಡುವುದಿಲ್ಲ, ಸುತ್ತಲಿನ ಸೌಕರ್ಯಗಳನ್ನು ಮೊಟಕು ಮಾಡುತ್ತವೆ. ಆರ್‌ಪಿಯಲ್ಲಿ ಕಾರ್ಡಿಗೆ ಒಂದೇ ಜಾಗ, ಬ್ಯಾಟರಿ ಚಿಕ್ಕದು, ಕೈನಡುಕವನ್ನು ಸರಿದೂಗಿಸಲು ಸೆನ್ಸರನ್ನೇ ಅಲುಗಿಸುವ ವ್ಯವಸ್ಥೆ ಇಲ್ಲ, 4ಕೆ ವಿಡಿಯೊದಲ್ಲಿ ಚೌಕಟ್ಟಿನ ಅಂಚುಗಳು ಕತ್ತರಿಸಿಹೋಗುತ್ತವೆ. 2020ರ ನಿಕಾನ್ ಝಡ್5ರಲ್ಲಿ ಎರಡು ಕಾರ್ಡ್‌ಗಳಿಗೆ ಜಾಗವೂ ನಡುಕ ತಡೆಯುವ ವ್ಯವಸ್ಥೆಯೂ ಇವೆ, ಆದರೆ ಸೆಕೆಂಡಿಗೆ ಐದು ಚಿತ್ರವನ್ನೂ ಅದು ತೆಗೆಯಲಾರದು. 2023ರ ಕ್ಯಾನನ್ ಆರ್8 ಫೋಕಸ್‌ನಲ್ಲೂ ವಿಡಿಯೊದಲ್ಲೂ ಬಲು ಚುರುಕು. ನಡುಕ ತಡೆಯುವ ವ್ಯವಸ್ಥೆ ಅದರಲ್ಲೂ ಇಲ್ಲ. 2025ರಲ್ಲಿ ಬಂದ ನಿಕಾನ್ ಝಡ್5-2ರಲ್ಲಿ ಮಾತ್ರ ಈ ಕೊರತೆಗಳೆಲ್ಲ ಬಹುಪಾಲು ನೀಗಿವೆ. ಅಮೆರಿಕದಲ್ಲಿ ಅದರ ಬಿಡುಗಡೆ ಬೆಲೆ 1,699 ಡಾಲರ್. ನಿಧಾನವಾಗಿ, ಯೋಚಿಸಿ ಚಿತ್ರ ತೆಗೆಯುವವರಿಗೆ ಹಳೆಯ ಝಡ್5 ಇಂದಿಗೂ ಒಳ್ಳೆಯ ಆಯ್ಕೆ. ಓಡುವ ಮಕ್ಕಳು, ಆಟೋಟ, ವಿಡಿಯೊ ಮುಖ್ಯವಾದವರು ಆರ್8 ಅಥವಾ ಝಡ್5-2 ನೋಡಬೇಕು.

ಹಣ ನಿಜವಾಗಿ ಹೋಗುವುದು ಲೆನ್ಸಿಗೆ. ಎಪಿಎಸ್-ಸಿಗೆಂದೇ ಮಾಡಿದ ಲೆನ್ಸನ್ನು ಫುಲ್ ಫ್ರೇಮಿಗೆ ಜೋಡಿಸಿದರೆ ಅದು ಸೆನ್ಸರಿನ ನಡುಭಾಗವನ್ನಷ್ಟೇ ತುಂಬುತ್ತದೆ. ಕ್ಯಾಮೆರಾ ಬದಲಿಸುವವರು ಲೆನ್ಸನ್ನೂ ಬದಲಿಸಬೇಕಾಗುತ್ತದೆ. ಒಟ್ಟು ಲೆಕ್ಕ ಹಾಕದೆ ಬರೀ ಬಾಡಿಯ ಬೆಲೆ ನೋಡಿ ಹೊರಟವರು ಇಲ್ಲಿ ಸಿಕ್ಕಿಬೀಳುತ್ತಾರೆ. ಲೆನ್ಸ್ ಕೂರುವ ಮೌಂಟ್ ಯಾವುದು ಎಂಬುದನ್ನು ಕ್ಯಾಮೆರಾಕ್ಕಿಂತ ಮೊದಲು ನೋಡಬೇಕು. ಸೋನಿ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಮುಂತಾದವರ ಲೆನ್ಸ್‌ಗಳು ಹೇರಳ. ಲೈಕಾ, ಪ್ಯಾನಸೋನಿಕ್, ಸಿಗ್ಮಾ 2018ರಲ್ಲಿ ಎಲ್-ಮೌಂಟಿಗಾಗಿ ಕೈಜೋಡಿಸಿದವು. ಕ್ಯಾನನ್, ನಿಕಾನ್ ಹಿಂದಿನ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಅವರದೇ ಅಡಾಪ್ಟರ್ ಮೂಲಕ ಹೊಸ ಕ್ಯಾಮೆರಾಗಳಿಗೆ ಕೂರುತ್ತವೆ. ಮನೆಯಲ್ಲಿ ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾದ ಲೆನ್ಸ್ ಇದ್ದರೆ, ಕೈಯಿಂದ ಫೋಕಸ್ ಮಾಡುವ ತಾಳ್ಮೆ ಇರುವವರಿಗೆ, ಅಡಾಪ್ಟರ್ ಹಾಕಿದ ಫುಲ್ ಫ್ರೇಮ್ ಮಿರರ್‌ಲೆಸ್‌ನಲ್ಲಿ ಅದು ತನ್ನ ಪೂರ್ಣ ನೋಟವನ್ನು ಕೊಡುತ್ತದೆ.

ಎಲ್ಲರಿಗೂ ಫುಲ್ ಫ್ರೇಮ್ ಬೇಕಿಲ್ಲ. ರಂಗನತಿಟ್ಟಿನ ಹಕ್ಕಿ, ಕಬಿನಿಯ ಕಾಡುಪ್ರಾಣಿಗಳ ಬೆನ್ನುಹತ್ತಿದವರಿಗೆ ಕ್ರಾಪ್ ಸೆನ್ಸರಿನಲ್ಲೇ ಅನುಕೂಲ ಹೆಚ್ಚು. ಅಲ್ಲಿ 300 ಎಂಎಂ ಲೆನ್ಸ್ 450 ಎಂಎಂನ ನೋಟ ಕೊಡುತ್ತದೆ. ಫುಲ್ ಫ್ರೇಮಿನಲ್ಲಿ ಅದೇ ನೋಟಕ್ಕೆ ಬೇಕಾಗುವ ಉದ್ದ ಲೆನ್ಸಿನ ಬೆಲೆ, ತೂಕ ಎರಡೂ ಜಾಸ್ತಿ.

ಅತಿ ಕಡಿಮೆ ಖರ್ಚಿನಲ್ಲಿ ಫುಲ್ ಫ್ರೇಮ್ ಬೇಕೆನ್ನುವವರಿಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಇದೆ. ಮಾರುಕಟ್ಟೆ ಮಿರರ್‌ಲೆಸ್ ಕಡೆ ಹೊರಳಿರುವುದರಿಂದ ಕ್ಯಾನನ್ 6ಡಿ, ನಿಕಾನ್ ಡಿ610, ಡಿ750ಗಳ ಬೆಲೆ ಬಹಳ ಬಿದ್ದಿದೆ, ಅವು ಕೊಡುವ ಚಿತ್ರದ ಗುಣ ಮಾತ್ರ ಹಾಗೆಯೇ ಇದೆ. ಕೊಳ್ಳುವ ಮುನ್ನ ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಬೇಕು: 6ಡಿಯ ಶಟರನ್ನು ಒಂದು ಲಕ್ಷ, ಡಿ750ರದನ್ನು ಒಂದೂವರೆ ಲಕ್ಷ ಕ್ಲಿಕ್‌ಗಳಿಗೆ ಪರೀಕ್ಷಿಸಲಾಗಿದೆ. ಡಿ600ರ ಸೆನ್ಸರಿನ ಮೇಲೆ ಚುಕ್ಕೆಗಳು ಬೀಳುವ ತೊಂದರೆಯಿತ್ತು. ಅದನ್ನು ಉಚಿತವಾಗಿ ಸರಿಪಡಿಸುವುದಾಗಿ ನಿಕಾನ್ 2014ರಲ್ಲಿ ಪ್ರಕಟಿಸಿತು. ಆದ್ದರಿಂದ ಡಿ600ಕ್ಕಿಂತ ಡಿ610 ಲೇಸು. ಬಿಳಿ ಗೋಡೆಯನ್ನೋ ಆಕಾಶವನ್ನೋ ಎಫ್/16ರಲ್ಲಿ ತೆಗೆದು ಪರದೆಯಲ್ಲಿ ಹಿಗ್ಗಿಸಿದರೆ ಸೆನ್ಸರಿನ ಕೊಳೆ ಕಾಣುತ್ತದೆ.

ಕೊಂಡ ಲೆನ್ಸನ್ನು ಕಾಪಾಡಿಕೊಳ್ಳುವುದೂ ಮುಖ್ಯ. ಕರಾವಳಿ, ಮಲೆನಾಡಿನಲ್ಲಿ ಲೆನ್ಸಿಗೆ ದೊಡ್ಡ ಶತ್ರು ಫಂಗಸ್. ಮಳೆಗಾಲದ ತೇವದಲ್ಲಿ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂಥ ಎಳೆಗಳು ಹಬ್ಬಿ ಲೇಪನವನ್ನೇ ತಿನ್ನುತ್ತವೆ. ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲೋ, ತೇವಾಂಶವನ್ನು ಶೇ 40-50ರಲ್ಲಿ ಹಿಡಿದಿಡುವ ಡ್ರೈ ಕ್ಯಾಬಿನೆಟ್‌ನಲ್ಲೋ ಇಡಬೇಕು. ಹಳೆಯ ಲೆನ್ಸ್ ಕೊಳ್ಳುವವರು ಟಾರ್ಚ್ ಬೆಳಕನ್ನು ಹಿಂಬದಿಯಿಂದ ಹಾಯಿಸಿ ಒಳಗೆ ನೋಡಲಿ. ಎಳೆಗಳು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಲಿ.