ಖಾಲಿ ಸ್ಟ್ರಿಪ್ ತೋರಿಸಿ ಕೊಳ್ಳುವ ಮಾತ್ರೆ

ಮೆಡಿಕಲ್ ಸ್ಟೋರಿನ ಗಾಜಿನ ಮೇಲೆ ಖಾಲಿ ಸ್ಟ್ರಿಪ್ ಇಟ್ಟು ‘ಇದೇ ಇನ್ನೊಂದು ಶೀಟ್ ಕೊಡಿ’ ಎನ್ನುವುದು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಪೇಟೆ ಬೀದಿಗಳಿಗೆ ಹೊಸದೇನಲ್ಲ. ಬಿ.ಪಿ., ಶುಗರ್ ಮಾತ್ರೆಗಳ ಜೊತೆ ‘ಟೆನ್ಷನ್ ಮಾತ್ರೆ’ಯೂ ಹೀಗೆಯೇ ಮನೆಗೆ ಬರುತ್ತದೆ. ಯಾವಾಗಲೋ ಬೆಂಗಳೂರಿನಲ್ಲಿ ಬರೆಸಿಕೊಂಡು ಬಂದ ಚೀಟಿ ಕಳೆದುಹೋಗಿರುತ್ತದೆ, ಸ್ಟ್ರಿಪ್ ಮಾತ್ರ ಉಳಿದಿರುತ್ತದೆ. ಅದರೊಳಗಿರುವುದು ಖಿನ್ನತೆಯ ಔಷಧಿ ಎಂಬುದು ಎಷ್ಟೋ ಸಲ ನುಂಗುವವರಿಗೇ ಗೊತ್ತಿರುವುದಿಲ್ಲ.

ಔಷಧಿ ಕೆಟ್ಟದ್ದೆಂಬ ದೂರು ಇದಲ್ಲ. 2015–16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದಕ್ಕಿರಲಿಲ್ಲ. ಆ ಸಮೀಕ್ಷೆಯ ಪ್ರಾಯೋಗಿಕ ಅಧ್ಯಯನ ನಡೆದದ್ದು ಇಲ್ಲೇ ಪಕ್ಕದ ಕೋಲಾರದಲ್ಲಿ. 2007ರವರೆಗೆ ಚಿಕ್ಕಬಳ್ಳಾಪುರವೂ ಅದೇ ಜಿಲ್ಲೆಗೆ ಸೇರಿತ್ತು. ಚಿಕಿತ್ಸೆ ಸಿಕ್ಕವರೇ ಕೆಲವರು. ಆ ಕೆಲವರೂ ಮೊದಲ ವಾರದಲ್ಲೇ ಬಿಟ್ಟುಬಿಡುವುದು, ಇಲ್ಲವೇ ಕೇಳುವವರಿಲ್ಲದೆ ವರ್ಷಗಟ್ಟಲೆ ನುಂಗುವುದು, ಎರಡೂ ಆಗುತ್ತಿದೆ.

ಮೊದಲ ವಾರದಲ್ಲಿ ಬಿಡುವವರದು ಅರ್ಥವಾಗುವ ಮಾತು. ಎಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲೂಕ್ಸೆಟಿನ್ ಮುಂತಾದ ಮಾತ್ರೆಗಳು ತೊಂದರೆಯನ್ನು ಮೊದಲು ಕೊಡುತ್ತವೆ, ಗುಣವನ್ನು ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ಬೆವರು, ನಿದ್ದೆ ಕೆಡುವುದು ಅಥವಾ ಹಗಲೆಲ್ಲ ಮಂಪರು, ಇವು ಶುರುವಿನ ದಿನಗಳಲ್ಲೇ ಕಾಣಿಸಿಕೊಂಡು ಬಹುತೇಕರಲ್ಲಿ ಒಂದೆರಡು ವಾರದೊಳಗೆ ತಗ್ಗುತ್ತವೆ. ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಬರೆದುಕೊಟ್ಟವರು ಈ ಒಂದು ಸಂಗತಿಯನ್ನು ಬಿಡಿಸಿ ಹೇಳಿದ್ದರೆ ಐದನೇ ದಿನಕ್ಕೆ ‘ಈ ಮಾತ್ರೆ ನನಗೆ ಆಗಿಬರಲ್ಲ’ ಎನ್ನುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಿದ್ದರೇನೋ. ವಾಕರಿಕೆ ಬರುವವರು ಊಟದ ನಂತರ ತೆಗೆದುಕೊಂಡರೆ ಸುಮಾರಾಗಿ ತಡೆಯುತ್ತದೆ.

ಯಾವ ಹೊತ್ತಿಗೆ ನುಂಗಬೇಕು ಎಂಬುದೂ ಸಣ್ಣ ವಿಷಯವಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕು. ಮಂಪರು ತರಿಸುವ ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ ನುಂಗಿದವರು ನಡುರಾತ್ರಿ ಎದ್ದು ತಟ್ಟೆಗಳ ಸಾಲಿನ ನಡುವೆ ತೂಗಾಡಿದರೆ ತಪ್ಪು ಯಾರದು? ಬೆಳಿಗ್ಗೆ ಕುದಿನೀರಿನ ಬೇಸಿನ್ ಮುಂದೆ ಕೂತು ನೂಲು ತೆಗೆಯುವವರದೂ ಇದೇ ಪಾಡು. ನಿಮ್ಮ ಕೆಲಸ ಏನು, ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು.

ಇನ್ನು ಜೊತೆಗೆ ನುಂಗುವ ಬೇರೆ ಮಾತ್ರೆಗಳು. ಬಾಗೇಪಲ್ಲಿ, ಗೌರಿಬಿದನೂರು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕೀಲುನೋವು, ಸೊಂಟನೋವಿಗೆ ಅಲ್ಲಿ ಕೊರತೆಯಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಎಸಿಟಾಲೋಪ್ರಾಮ್ ಗುಂಪಿನ ಮಾತ್ರೆಯ ಜೊತೆ ಇವು ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಮಲ ಟಾರಿನಂತೆ ಕಪ್ಪಾದರೆ ಆಸ್ಪತ್ರೆಗೆ ಹೋಗಲೇಬೇಕು. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್ ಸೇರಿದರೆ ಮೈಯಲ್ಲಿ ಸೆರೊಟೊನಿನ್ ಮಿತಿಮೀರಬಹುದು. ನಡುಕ, ಜ್ವರ, ಚಡಪಡಿಕೆ, ಸ್ನಾಯುಗಳ ಬಿಗಿತ ಅದರ ಗುರುತು. ಅಪರೂಪ, ಆದರೆ ಜೀವಕ್ಕೇ ಬರಬಹುದು.

ವಯಸ್ಸಾದವರ ವಿಚಾರ ಬೇರೆ. ಮೂತ್ರ ಹೆಚ್ಚು ಹೋಗಿಸುವ ಬಿ.ಪಿ. ಮಾತ್ರೆಯ ಜೊತೆ ಖಿನ್ನತೆಯ ಮಾತ್ರೆ ಸೇರಿದಾಗ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಅಜ್ಜಿ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ, ನಡೆಯುವಾಗ ಮುಗ್ಗರಿಸುತ್ತಾರೆ. ಮನೆಯವರು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಒಂದು ರಕ್ತಪರೀಕ್ಷೆ ಸಾಕು, ತಿಳಿಯುತ್ತದೆ. ಅಮಿಟ್ರಿಪ್ಟಿಲಿನ್ ತಲೆನೋವಿಗೂ ನರದ ಉರಿಗೂ ಕೊಡುವ ಹಳೆಯ ಔಷಧಿ. ಬಾಯಿ ಒಣಗುವುದು, ಮಲಬದ್ಧತೆ ಅದರಿಂದ ಸಾಮಾನ್ಯ. ಪ್ರಾಸ್ಟೇಟ್ ಊತವಿರುವ ಗಂಡಸರಿಗೆ ಮೂತ್ರ ಕಟ್ಟಬಹುದು. ಪ್ರಮಾಣ ಮೀರಿದರೆ ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮನಸ್ಸು ತೀರಾ ಕುಗ್ಗಿದವರಿರುವ ಮನೆಯಲ್ಲಿ ಆ ಸ್ಟ್ರಿಪ್ ಬೀರುವಿನೊಳಗೆ, ಬೇರೊಬ್ಬರ ಕೈಯಲ್ಲಿ ಇರಬೇಕು. ಹೊಲಕ್ಕೆ ತಂದ ಕೀಟನಾಶಕಕ್ಕೂ ಇದೇ ಮಾತು.

ಹದಿಹರೆಯದವರಿಗೆ, 25ರೊಳಗಿನವರಿಗೆ ಔಷಧಿ ಶುರು ಮಾಡಿದಾಗ ಮೊದಲ ವಾರಗಳಲ್ಲಿ ಕಣ್ಣಿಟ್ಟಿರಬೇಕು. ಅವರಲ್ಲಿ ಕೆಲವರಿಗೆ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಹಾಕಿಸಿತು, 2007ರಲ್ಲಿ ಅದನ್ನು 24ರ ವಯಸ್ಸಿನವರೆಗೂ ವಿಸ್ತರಿಸಿತು. ಮಾತ್ರೆ ಕೊಡಬಾರದೆಂದು ಇದರ ಅರ್ಥವಲ್ಲ. ಹುಡುಗ ಕೂತಲ್ಲಿ ಕೂರುತ್ತಿಲ್ಲ, ನಿದ್ದೆಯೇ ಇಲ್ಲ, ಸಿಡುಕು ಏರಿದೆ ಎಂದರೆ ಮುಂದಿನ ತಾರೀಖಿಗೆ ಕಾಯಬಾರದು, ಅಷ್ಟೆ. ನಿದ್ದೆ ಬೇಡವಾಗಿ, ಮಾತು ಹೆಚ್ಚಾಗಿ, ಕೈ ಬಿಚ್ಚಿ ಖರ್ಚು ಮಾಡತೊಡಗಿದರೂ ಡಾಕ್ಟರಿಗೆ ತಿಳಿಸಬೇಕು. ಅದು ಮನಸ್ಸು ಒಮ್ಮೆ ಮಿತಿಮೀರಿ ಏರಿ ಒಮ್ಮೆ ಕುಗ್ಗುವ ಬೈಪೋಲಾರ್ ಕಾಯಿಲೆ ಇರಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು; ಕನ್ನಡದಲ್ಲೂ ಮಾತಾಡುತ್ತಾರೆ, ಈ ಜಿಲ್ಲೆಯ ಅರ್ಧ ಮನೆಗಳ ಮಾತಾದ ತೆಲುಗಿನಲ್ಲೂ.

ಗಂಡ ಹೆಂಡಿರ ನಡುವಿನ ಆಸಕ್ತಿ ಕುಗ್ಗುವುದು ಈ ಔಷಧಿಗಳ ಬಹು ಸಾಮಾನ್ಯ ಅಡ್ಡಪರಿಣಾಮ. ಯಾರೂ ಬಾಯಿ ಬಿಡುವುದಿಲ್ಲ, ಸದ್ದಿಲ್ಲದೆ ಮಾತ್ರೆ ನಿಲ್ಲಿಸುತ್ತಾರೆ. ಹೇಳಿದರೆ ಪ್ರಮಾಣ ಇಳಿಸಬಹುದು, ಬೇರೆ ಔಷಧಿಗೆ ಬದಲಾಯಿಸಬಹುದು. ಬಸುರಿಯೆಂದು ಗೊತ್ತಾದ ಕೂಡಲೇ ತಾವೇ ನಿಲ್ಲಿಸುವುದೂ ಸರಿಯಲ್ಲ. ಆ ತೀರ್ಮಾನ ಡಾಕ್ಟರ ಜೊತೆ ಕೂತು ಆಗಬೇಕಾದದ್ದು.

ಖಾಲಿ ಸ್ಟ್ರಿಪ್ಪಿನ ಅಸಲು ತೊಡಕು ಇರುವುದು ಅದರ ಹಿಂಬದಿಯ ಸಣ್ಣ ಅಕ್ಷರದಲ್ಲಿ. ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುವ ಕೆಲವು ‘ಟೆನ್ಷನ್ ಮಾತ್ರೆ’ಗಳಲ್ಲಿ ಒಂದಲ್ಲ, ಎರಡು ಔಷಧಿಗಳಿರುತ್ತವೆ: ಎಸಿಟಾಲೋಪ್ರಾಮ್ ಜೊತೆಗೆ ಕ್ಲೊನಾಜೆಪಾಮ್. ಮೊದಲನೆಯದು ತಿಂಗಳುಗಟ್ಟಲೆ ಬೇಕಾದದ್ದು. ಎರಡನೆಯದನ್ನು ಸಾಮಾನ್ಯವಾಗಿ ಕೆಲವೇ ವಾರಕ್ಕೆಂದು ಕೊಡುವುದು, ಅಭ್ಯಾಸ ಹಿಡಿಸುವಂಥದ್ದು. ಒಂದೇ ಮಾತ್ರೆಯಲ್ಲಿ ಸೇರಿಸಿಬಿಟ್ಟರೆ ಎರಡೂ ಒಟ್ಟಿಗೇ ವರ್ಷಗಟ್ಟಲೆ ಸಾಗುತ್ತವೆ. ಒಂದು ದಿನ ತಟ್ಟನೆ ನಿಲ್ಲಿಸಿದವರಿಗೆ ನಿದ್ದೆಯಿಲ್ಲ, ಮೈ ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ. ‘ಡಿಪ್ರೆಷನ್ ಮಾತ್ರೆ ಚಟ ಹಿಡಿಸುತ್ತೆ’ ಎಂಬ ಊರಮಾತಿಗೆ ಕ್ಲೊನಾಜೆಪಾಮ್ ಮಾಡಿದ ಈ ಕೆಲಸವೂ ಒಂದು ಕಾರಣ ಎಂಬುದು ನನ್ನ ಅಂದಾಜು. ಬರೆಯುವವರು ಎರಡನ್ನೂ ಬೇರೆಬೇರೆ ಮಾತ್ರೆಯಾಗಿ ಬರೆದರೆ ಒಂದನ್ನು ಬೇಗ ಇಳಿಸಲು ದಾರಿಯಾದರೂ ಇರುತ್ತದೆ.

ಬರೀ ಎಸಿಟಾಲೋಪ್ರಾಮ್ ತಟ್ಟನೆ ನಿಂತರೂ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇದು ಕೆಲವು ದಿನಗಳಲ್ಲೇ ಕಾಣುತ್ತದೆ. ಕಾಯಿಲೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳಾದ ಮೇಲೆ, ನಿಧಾನವಾಗಿ. ಪೂರ್ತಿ ಗುಣವಾದ ನಂತರವೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸುವುದು ರೂಢಿ. ಕೊನೆಯ ಹಂತಗಳನ್ನು ಇನ್ನೂ ಸಣ್ಣದಾಗಿ, ಇನ್ನೂ ನಿಧಾನವಾಗಿ ಇಳಿಸಬೇಕಾಗುತ್ತದೆ. ಇದಕ್ಕೆ ಪ್ರತಿಸಲ ನಿಮ್ಹಾನ್ಸ್‌ಗೇ ಬಸ್ಸು ಹತ್ತಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ, ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ತಪಾಸಣೆ ಇದೆ. ಯಾವ ಮಂಗಳವಾರ ಎಂದು ಕೇಳಿಕೊಂಡು, ಖಾಲಿ ಸ್ಟ್ರಿಪ್ಪನ್ನು ಅಂಗಡಿಯ ಬದಲು ಅಲ್ಲಿಗೆ ಒಯ್ಯಬಹುದು. ಇಳಿಸುವ ಹೊತ್ತನ್ನೂ ನೋಡಿಕೊಳ್ಳಬೇಕು: ಮನೆಯಲ್ಲಿ ಮದುವೆ, ಸಾಲದ ಕಂತು, ಟೊಮೆಟೊ ರೇಟು ಬಿದ್ದ ವಾರ, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತುವ ದಿನಗಳು ಅದಕ್ಕೆ ತಕ್ಕವಲ್ಲ. ಗೂಡು ಮಾರಿ, ಮನೆ ತೊಳೆದು, ಮುಂದಿನ ಚಾಕಿ ಮರಿಹುಳು ತರುವ ಮುಂಚಿನ ಬಿಡುವು ಮೊದಲ ಹಂತಕ್ಕೆ ಒದಗುತ್ತದೆ.